ಪಕ್ಕದ ಕೋಣೆಗೆ ತಲುಪುವಷ್ಟು

ನಾದಿನಿ ಕೋಣೆಯ ಬಾಗಿಲನ್ನು ಗೇಣಷ್ಟೇ ಸರಿಸಿ, ಒಳಗಿನ ಕತ್ತಲಿಗೆ ತಲೆ ಚಾಚಿ ಪಿಸುಗುಟ್ಟಿದಳು: "ಅತ್ತಿಗೆ, ಯಾರೋ ಹೆಂಗಸು ಬಂದಿದ್ದಾಳೆ. ಅಣ್ಣನ ಕಾಲ ಬಳಿ ನಿಂತು ಬಿಕ್ಕಿಬಿಕ್ಕಿ ಅಳ್ತಿದ್ದಾಳೆ. ನಮ್ಮ ಪೈಕಿ ಯಾರಿಗೂ ಅವಳ ಗುರುತಿಲ್ಲ."

ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಕುಳಿತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಒಂದಲ್ಲ ಒಂದು ದಿನ ಯಾರು ಬಂದಾಳೆಂದು ಒಂಬತ್ತು ವರ್ಷ ಅಂಜಿದ್ದಳೋ, ಅವಳು ಕಡೆಗೂ ಬಂದಿದ್ದಳು. ಅದೂ ಗಂಡನ ಹೆಣ ನಡುಮನೆಯಲ್ಲಿರುವಾಗ.

"ವಯಸ್ಸೆಷ್ಟು?"

"ನಲವತ್ತು ದಾಟಿರಲಾರದು. ಕೊರಳಲ್ಲಿ ಯಾವುದೋ ಅಂಗಡಿಯ ಬಿಲ್ಲೆ ನೇತಾಡ್ತಿದೆ. ಕಳಿಸಿಬಿಡ್ಲಾ? ನೆಂಟರೆಲ್ಲ ಆಗಲೇ ಮುಖ ಮುಖ ನೋಡ್ಕೊಳ್ತಿದ್ದಾರೆ."

"ಬೇಡ. ಒಳಗೆ ಕಳಿಸು. ನೀನು ಹೊರಗಿರು."

"ನಾನ್ಯಾಕೆ ಹೊರಗೆ? ನನ್ನಣ್ಣ ಅಲ್ವಾ ಅವನು!" ಎಂದು ಗೊಣಗುತ್ತಲೇ ನಾದಿನಿ ಹೋದಳು.

* * *

ಅವಳ ಗಂಡ ಮುದ್ರಣಾಲಯದಲ್ಲಿ ಮೂವತ್ತೆರಡು ವರ್ಷ ಯಂತ್ರ ನಡೆಸಿದವರು. ಹಗಲೆಲ್ಲ ಕಿವಿಗಡಚಿಕ್ಕುವ ಸದ್ದು. ಮನೆಗೆ ಬಂದರೆ ಚಮಚ ತಟ್ಟೆಗೆ ತಾಗದಂತೆ ಊಟ. ಹೆಂಡತಿಗೆ ತಲೆನೋವು ಗಂಟುಬಿದ್ದ ವರ್ಷವೇ ರೇಡಿಯೊವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಯಾರಿಗೋ ಕೊಟ್ಟು ಬಂದಿದ್ದರು. ಕೊಟ್ಟೆನೆಂದು ಹೇಳಲೂ ಇಲ್ಲ.

ಆಮೇಲೆ ಈ ಶನಿವಾರಗಳು ಶುರುವಾದವು. ನಾಲ್ಕು ಗಂಟೆಗೆ ತಲೆ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು ಹೊರಡುವರು.

"ಎಲ್ಲಿಗೆ?"

"ಇಲ್ಲೇ, ಹೀಗೇ."

ಆರಕ್ಕೆ ಮರಳುವಾಗ ಮುಖ ಗೆಲುವಾಗಿರುತ್ತಿತ್ತು. ಆ ಗೆಲುವು ತನ್ನಿಂದ ಬಂದದ್ದಲ್ಲವೆಂಬುದು ಅವಳಿಗೆ ಗೊತ್ತಿತ್ತು. ಕೆದಕಿದರೆ ಇರುವುದೂ ಕೈಬಿಟ್ಟೀತೆಂದು ಬಾಯಿಗೆ ಬೀಗ ಹಾಕಿಕೊಂಡಳು.

* * *

"ಎಷ್ಟು ದಿನದಿಂದ?" ಬಂದವಳು ಕೂರುವ ಮೊದಲೇ ಹೆಂಡತಿ ಕೇಳಿದಳು.

"ಒಂಬತ್ತು ವರ್ಷ ಆಯ್ತಮ್ಮ. ಒಂದು ಶನಿವಾರಾನೂ ತಪ್ಪಿಸಿದವರಲ್ಲ. ಮೊನ್ನೆ ಬರಲಿಲ್ಲ. ಇವತ್ತು ಪ್ರೆಸ್ಸಿಗೆ ಫೋನ್ ಮಾಡಿದ್ರೆ, ರಾತ್ರಿ ಹೋಗ್ಬಿಟ್ರು ಅಂದ್ರು."

"ಎಲ್ಲಿಗೆ ಬರ್ತಿದ್ರು?"

"ನಮ್ಮ ಅಂಗಡಿಗೆ. ಆಡಿಯೊ ಸಾಮಾನಿನ ಅಂಗಡಿ. ಮನೇಲಿ ಹಾಡು ಕೇಳೋಕೆ ರಿಸೀವರ್ ತಗೊಳ್ಳೋದಾ, ದನಿ ಹಿಗ್ಗಿಸೋ ಬಿಡಿ ಆಂಪ್ಲಿಫೈಯರ್ ತಗೊಳ್ಳೋದಾ ಅಂತ ನೋಡೋಕೆ."

"ಒಂಬತ್ತು ವರ್ಷ ನೋಡಿದ್ರಾ?"

ಅಂಗಡಿಯಾಕೆಗೆ ಅಳುವಿನ ನಡುವೆಯೇ ನಗು ಬಂತು. "'ಬಂದ್ರು ನೋಡು, ಈ ಜನ್ಮಕ್ಕೆ ತಗೊಳ್ಳೋ ಗಿರಾಕಿಯಲ್ಲ' ಅಂತ ನಮ್ಮ ಮ್ಯಾನೇಜರ್ ರೇಗಿಸೋರು. ಉಳಿದವರು ಸೌಂಡು ಏರಿಸಿ ನೋಡ್ತಾರೆ; ಇವರು ಪ್ರತಿ ಸಲ ಅದೇ ಒಂದು ಹಾಡು ಹಾಕಿಸಿ ಇಳಿಸಿ ಇಳಿಸಿ ನೋಡೋರು. ನನ್ನನ್ನ ಪಕ್ಕದ ಕೋಣೆಗೆ ಕಳಿಸಿ, 'ಕೇಳ್ತಾ ಇದೆಯೇನಮ್ಮ? ತಲೆಗೆ ಬಡೀತಿಲ್ಲ ತಾನೆ?' ಅನ್ನೋರು."

ಹೆಂಡತಿ ಹಣೆಯ ಮೇಲಿನ ಬಟ್ಟೆ ತೆಗೆದಳು.

"ರಿಸೀವರಲ್ಲಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುತ್ತೆ. ಅವರು ಇಳಿಸಿದಷ್ಟು ಇಳಿಸಿದ್ರೆ ದನಿ ಸೊರಗಿಹೋಗೋದು. ಬಿಡಿ ಆಂಪ್ಲಿಫೈಯರಲ್ಲಿ ತುಂಬಿಕೊಂಡೇ ಇರೋದು, ಆದ್ರೆ ಗೋಡೆಯೆಲ್ಲ ಗುಂಯ್ ಅನ್ನೋದು. 'ಒಂದು ಒಳಗೆ ಮಲಗಿರೋ ನನ್ನವಳ ತನಕ ಹೋಗಲ್ಲ, ಇನ್ನೊಂದು ಹೋಗಿ ಬಡಿಯುತ್ತೆ. ಮುಂದಿನ ವಾರ ನೋಡೋಣ' ಅಂತ ಎದ್ದುಬಿಡೋರು. ಹೆಡ್‌ಫೋನ್ ತಗೊಳ್ಳಿ ಸಾರ್ ಅಂದೆ. 'ನಾನೊಬ್ಬನೇ ಕೇಳೋದಾದ್ರೆ ಇಲ್ಲೇ ಕೇಳ್ತಿದ್ದೀನಲ್ಲ' ಅಂದ್ರು."



"ನನ್ನ ಹತ್ರ ಒಂದು ಮಾತಾಡಬಹುದಿತ್ತು," ಎಂದಳು ಹೆಂಡತಿ. ಒದ್ದೆ ಬಟ್ಟೆಯನ್ನು ಮಡಚುತ್ತ, "ನಾನಾದ್ರೂ ಎಲ್ಲಿ ಆಡಿದೆ?" ಎಂದಳು.

ನಾದಿನಿ ಮತ್ತೆ ಇಣುಕಿದಳು. "ಅತ್ತಿಗೆ, ಗಾಡಿ ಬಂತು. ಎತ್ತಬೇಕಂತೆ."

"ಐದು ನಿಮಿಷ ಇರು ಅನ್ನು." ಹೆಂಡತಿ ಎದ್ದು ಹೋಗಿ ನಡುಮನೆಯ ಕಡೆಯ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು. "ಯಾವ ಹಾಡಮ್ಮ ಅದು?"

"ಹೆಸರು ತಿಳೀದು. ರಾಗ ಮಾತ್ರ ಬಾಯಿಗೆ ಬಂದಿದೆ. ನನ್ನ ಗಂಟಲೋ ಅಷ್ಟಕ್ಕಷ್ಟೆ."

"ಹಾಡು."

ಅಂಗಡಿಯಾಕೆ ತುಟಿಯಲ್ಲೇ ಗುನುಗಿದಳು.

"ಇಷ್ಟು ಸಣ್ಣಗಲ್ಲ."

ದನಿ ಏರಿತು; ಶ್ರುತಿ ಎತ್ತಲೋ ಹೋಯಿತು. ನಡುಮನೆಯಲ್ಲಿ ಪಿಸುಮಾತು ನಿಂತು, ನೆಂಟರೆಲ್ಲ ಬಾಗಿಲತ್ತ ತಿರುಗಿದರು. ಹೊಸ್ತಿಲ ಮೇಲೆ ಹೆಂಡತಿ ನಿಂತಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಒಂದು ಕೈ ಸಿಡಿಯುವ ನೆತ್ತಿಯನ್ನು ಅದುಮಿ ಹಿಡಿದಿತ್ತು. ಇನ್ನೊಂದು, ಏರಿಸು, ಇನ್ನೂ ಏರಿಸು ಎಂಬಂತೆ ಗಾಳಿಯಲ್ಲಿ ಮೇಲೇಳುತ್ತಲೇ ಇತ್ತು.