ಕೆಂಪು ದೀಪದ ಗಾಡಿ

ಒಂದು ಘಟ್ಟದ ಬುಡದಲ್ಲಿ ಒಂದು ಪೇಟೆ. ಹೆಸರು ಬೇಡ. ಹೆಸರು ಹೇಳಿದರೆ ಆ ಪೇಟೆಯವರು ಮಾತ್ರ ತಲೆ ತಗ್ಗಿಸುತ್ತಾರೆ, ಉಳಿದವರು ಎತ್ತಿಕೊಂಡೇ ಓಡಾಡುತ್ತಾರೆ. ಆ ಪೇಟೆಯಲ್ಲಿ ಗುರುಪಾದ ಶೆಟ್ಟರು ಮೋಟಾರ್‌ಸೈಕಲ್ ವ್ಯಾಪಾರ ಮಾಡುತ್ತಿದ್ದರು. ಹಾಲಿನವನೂ ಮೇಷ್ಟರೂ ಓಡಿಸುವಂಥ ಸಣ್ಣ ಗಾಡಿಗಳಲ್ಲ. ಎತ್ತರದವು, ಅಗಲ ಎದೆಯವು, ಎರಡು ಪಕ್ಕಕ್ಕೂ ತಗಡಿನ ಪೆಟ್ಟಿಗೆ ತಗುಲಿಸಿಕೊಂಡವು. ಘಟ್ಟ ಹತ್ತಲು, ಹಳ್ಳ ದಾಟಲು, ದೇಶ ಸುತ್ತಲು ಮಾಡಿದ ಸಾಹಸದ ಗಾಡಿಗಳು.

ಪೇಟೆಯ ಅನುಕೂಲಸ್ಥರೆಲ್ಲ ಒಂದೊಂದು ಕೊಂಡಿದ್ದರು. ಭಾನುವಾರ ಬೆಳಿಗ್ಗೆ ಸಾಲುಗಟ್ಟಿ ಹೊರಟು, ಘಟ್ಟದ ಮೊದಲ ತಿರುವಿನ ಚಹಾದಂಗಡಿಯಲ್ಲಿ ಇಡ್ಲಿ ತಿಂದು, ಬೆನ್ನ ಹಿಂದೆ ಕಣಿವೆ ಕಾಣುವಂತೆ ಫೋಟೋ ತೆಗೆಸಿಕೊಂಡು, ಬಿಸಿಲೇರುವ ಮೊದಲೇ ಮರಳುತ್ತಿದ್ದರು. ಗಾಡಿ ತೊಳೆಯುವವನಿಗೂ ಅಲ್ಲಿ ಒಂದು ವಿಶೇಷ ವಿದ್ಯೆ ಬರುತ್ತಿತ್ತು. ಇಂಜಿನ್ ಫಳಫಳ ಹೊಳೆಯಬೇಕು, ಮಡ್‌ಗಾರ್ಡಿನ ಕೆಸರು ಮಾತ್ರ ಹಾಗೇ ಉಳಿಯಬೇಕು. ಕೆಸರು ಉದುರಿಹೋದರೆ ಕೆರೆಯಂಗಳದ ಮಣ್ಣು ಕಲಸಿ ಅವನೇ ಹದವಾಗಿ ಮೆತ್ತಿಕೊಡುತ್ತಿದ್ದ.

ಇದನ್ನೆಲ್ಲ ಕಂಡೂ ಶೆಟ್ಟರು ನಗುತ್ತಿರಲಿಲ್ಲ. ಗಿರಾಕಿಯನ್ನು ನೋಡಿ ನಗುವವನು ಕೊನೆಗೆ ಅಂಗಡಿ ಮುಚ್ಚಿಕೊಂಡು ಒಬ್ಬನೇ ನಗಬೇಕಾಗುತ್ತದೆ. ಅವರು ವರ್ಷಕ್ಕೊಮ್ಮೆ ಸವಾರರನ್ನು ಅಂಗಡಿಗೆ ಕರೆದು, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಮುಂದಿನ ಗಾಡಿಯಲ್ಲಿ ಏನೇನಿರಬೇಕು ಎಂದು ವಿಚಾರಿಸುತ್ತಿದ್ದರು. ಅವರು ಹೇಳಿ ಕಳಿಸಿದ್ದನ್ನು ದೂರದ ಕಾರ್ಖಾನೆಯವರು ಮಾಡಿಕೊಡುತ್ತಿದ್ದರು. ‘ಕೇಳಿದ್ದನ್ನು ಕೊಡುವವನು ಅಂಗಡಿಕಾರ, ಕೇಳೋಕೆ ನಾಚಿಕೊಳ್ಳೋದನ್ನ ಕೊಡುವವನು ವ್ಯಾಪಾರಿ’ ಎಂಬುದು ಶೆಟ್ಟರ ಮಾತು. ಆ ಮಾತು ಅವರಿಗೆ ಇಷ್ಟವಾಗಿತ್ತು, ಆಗಾಗ ಹೇಳುತ್ತಿದ್ದರು.

ಒಂದು ಮಳೆಗಾಲ ಘಟ್ಟದ ಮೇಲಿನ ಊರಿನಿಂದ ಫೋನು ಬಂತು. ರಸ್ತೆ ಕುಸಿದಿದೆ, ಜೀಪು ಬರುವಂತಿಲ್ಲ, ಮಗುವೊಂದಕ್ಕೆ ಜ್ವರ ನೆತ್ತಿಗೇರಿದೆ, ಔಷಧಿ ಬೇಕು. ಸವಾರರೆಲ್ಲ ಹೆಲ್ಮೆಟ್ ಬಿಗಿದು ಚೌಕದಲ್ಲಿ ಸೇರಿದರು. ಇಂಜಿನ್ನುಗಳ ಸದ್ದಿಗೆ ಅಂಗಡಿಗಳ ಗಾಜು ನಡುಗಿತು. ಶೆಟ್ಟರು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಅಕ್ಕಿ ಗಿರಣಿಯ ಜಯದೇವ ಸವಾರರಿಗೆಲ್ಲ ಹಿರಿಯ. ಅವನು ಫೋಟೋ ಸ್ಟುಡಿಯೋದ ರಾಜಶೇಖರನ ಕಡೆ ತಿರುಗಿದ.

“ನೀನು ಮುಂದೆ ನಡಿಯಪ್ಪ. ನಿನ್ನ ಟೈರು ಹೊಸದು.”

“ಎಲ್ಲಾದ್ರೂ ಉಂಟಾ ಅಣ್ಣ? ಹಿರಿಯರನ್ನ ಹಿಂದೆ ಹಾಕಿ ನಾನು ಮುಂದೆ ಹೋಗೋದಾ?”

“ಅಯ್ಯೋ, ಇಂಥ ಹೊತ್ತಲ್ಲಿ ಹಿರಿಯರು ಕಿರಿಯರು ಅಂತ ನೋಡ್ತಾರೇನೋ!”

“ನೀವು ನೋಡದೇ ಇರಬಹುದು. ನಾವು ನೋಡಬೇಕಲ್ಲ!”

ಹೀಗೆ ಮರ್ಯಾದೆಯ ಮಾತು ನಡೆದಿರುವಾಗಲೇ ಘಟ್ಟದ ದಾರಿಯಿಂದ ಒಬ್ಬ ಹೆಂಗಸು ನಡೆದು ಬಂದಳು. ಹೆಸರು ಹೊನ್ನಕ್ಕ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಮೀನಖಂಡದ ಮೇಲೆ ಜಿಗಣೆ ಕಚ್ಚಿದ ರಕ್ತ ಇಳಿದಿತ್ತು. ಔಷಧಿ ಅಂಗಡಿಗೆ ಹೋದಳು, ಸೊಂಟಕ್ಕೆ ಪೊಟ್ಟಣ ಸಿಕ್ಕಿಸಿಕೊಂಡಳು, ನಲ್ಲಿಗೆ ಬಾಯೊಡ್ಡಿ ನೀರು ಕುಡಿದಳು. ಮರಳುವಾಗ ಗಾಡಿಗಳ ಸಾಲು ನೋಡಿ ಜಯದೇವನನ್ನು ಕೇಳಿದಳು:

“ಇವೆಲ್ಲ ಮಾರೋಕೆ ಇಟ್ಟಿದ್ದಾ ಅಣ್ಣ?”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಉತ್ತರಕ್ಕೆ ಕಾಯದೆ ಘಟ್ಟ ಹತ್ತಿದಳು. ಇಂಜಿನ್ನುಗಳು ಒಂದರ ಹಿಂದೊಂದು ಆರಿದವು. ಆ ಭಾನುವಾರ ಮೊದಲ ತಿರುವಿನ ಚಹಾದಂಗಡಿಯವನು ಇಡ್ಲಿಯನ್ನು ನಾಯಿಗಳಿಗೆ ಹಾಕಿದ.

ಆ ವರ್ಷ ಶೆಟ್ಟರ ಅಂಗಡಿಯಲ್ಲಿ ಉಪ್ಪಿಟ್ಟು ತಣ್ಣಗಾಯಿತು, ಮಾತು ಬಿಸಿಯಾಯಿತು. ತಪ್ಪೆಲ್ಲ ಗಾಡಿಯದ್ದು. ಟೈರಿಗೆ ಹಿಡಿತ ಸಾಲದು. ಟ್ಯಾಂಕು ಚಿಕ್ಕದು. ಮಂಜಿನಲ್ಲಿ ದೀಪ ಕಾಣುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ನಂಬುವಂತಿಲ್ಲ. “ಇಷ್ಟು ಇದ್ದಿದ್ರೆ ಅವತ್ತು ನಾವು ಹೋಗಿ ಬಂದು ಊಟಕ್ಕೆ ಕೂತಿರ್ತಿದ್ವಿ ಶೆಟ್ಟರೇ” ಎಂದ ರಾಜಶೇಖರ. ಶೆಟ್ಟರು ತಲೆಯಾಡಿಸಿ ಅಷ್ಟನ್ನೂ ಕಾರ್ಖಾನೆಗೆ ಹೇಳಿ ಕಳಿಸಿದರು. ಕಾರ್ಖಾನೆಯವರು ಒಂದನ್ನೂ ಬಿಡದೆ ಮಾಡಿ ಕಳಿಸಿದರು.

ಹೊಸ ಗಾಡಿಗಳು ಬಂದು ನಿಂತವು. ಸವಾರರು ಬಂದರು, ಸುತ್ತ ತಿರುಗಿ ನೋಡಿದರು, ಸೀಟು ಸವರಿದರು, ಹೊರಟುಹೋದರು. ಒಂದೂ ಮಾರಾಟವಾಗಲಿಲ್ಲ. ಶೆಟ್ಟರಿಗೆ ಮೊದಲು ತಿಳಿಯಲಿಲ್ಲ. ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿಕೊಂಡು ಜಯದೇವ ಒಳಗೆ ಬಂದ.

“ಗಾಡಿ ಚೆನ್ನಾಗಿದೆ ಶೆಟ್ಟರೇ. ತುಂಬಾ ಚೆನ್ನಾಗಿದೆ. ಅದೇ ಕಷ್ಟ.”

“ಏನು ಕಷ್ಟ?”

“ಎಲ್ಲಿಗೆ ಬೇಕಾದ್ರೂ ಹೋಗುತ್ತೆ ಅಂತೀರಿ.”

“ಹೋಗುತ್ತೆ.”

“ನಾಳೆ ಮತ್ತೆ ಮೇಲಿಂದ ಫೋನ್ ಬಂದ್ರೆ?” ಜಯದೇವ ಗಾಡಿಯ ಕನ್ನಡಿಯನ್ನು ಹಿಂದೆ ಮುಂದೆ ತಿರುಗಿಸಿದ. “ಈಗ ಏನಂತ ಹೇಳೋದು, ಹೇಳಿ?”

ಮರುದಿನ ಅದೇ ಹೊತ್ತಿಗೆ ರಾಜಶೇಖರ ಬಗ್ಗಿ ಬಂದ. ಆಮೇಲೆ ಉಳಿದವರು. ಯಾರೂ ಪೂರ್ತಿ ಹೇಳಲಿಲ್ಲ. ಎಲ್ಲರೂ ಅರ್ಧ ಹೇಳಿ ಕನ್ನಡಿ ತಿರುಗಿಸಿದರು. ಶೆಟ್ಟರಿಗೆ ಅಷ್ಟೇ ಸಾಕಾಗಿತ್ತು. ಹೋಗುವ ಶಕ್ತಿ ಇವರಿಗೆ ಬೇಕಾಗಿರಲಿಲ್ಲ. ಹೋಗಲಿಲ್ಲ ಎನ್ನುವುದಕ್ಕೆ ಮರ್ಯಾದಸ್ಥ ಕಾರಣ ಬೇಕಾಗಿತ್ತು. ಆ ಕಾರಣವನ್ನು ಸವಾರ ಹೇಳಬಾರದು, ಗಾಡಿಯೇ ಹೇಳಬೇಕು.

ಹಾಗೆ ಹುಟ್ಟಿದ್ದು ಕೆಂಪು ದೀಪದ ಗಾಡಿ. ಹ್ಯಾಂಡಲ್ಲಿನ ನಡುವೆ, ಸ್ಪೀಡೋಮೀಟರಿನ ಪಕ್ಕ, ಬೋರೆಹಣ್ಣಿನ ಗಾತ್ರದ ಒಂದು ದೀಪ. ಮುಂದಿನ ದಾರಿಯ ಗಾಳಿ, ಜಾರು, ಕುಸಿತ ಎಲ್ಲವನ್ನೂ ಗಾಡಿ ತಾನೇ ತಿಳಿದು, ಕೆಂಪು ದೀಪ ಹೊತ್ತಿಸಿ ಸವಾರನನ್ನು ತಡೆಯುತ್ತದೆ ಎಂದು ಶೆಟ್ಟರು ಹೇಳಿದರು. ದೀಪ ಹೊತ್ತಿಸುವ ಗುಂಡಿ ಎಡಗೈ ಹೆಬ್ಬೆರಳಿಗೆ ಸಿಗುವಲ್ಲಿತ್ತು. ಅದನ್ನು ಶೆಟ್ಟರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ವಾರ ಕಳೆಯುವುದರೊಳಗೆ ಎಲ್ಲರಿಗೂ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿಲ್ಲ ಎಂದು ಪ್ರತಿಯೊಬ್ಬನೂ ನಂಬಿದ್ದ.

ಗಾಡಿಗಳು ಬಿಸಿ ಬೋಂಡಾದಂತೆ ಖರ್ಚಾದವು. ಪೇಟೆಗೆ ಕಳೆ ಮರಳಿತು. ಈಗ ಸವಾರರು ಮೊದಲ ತಿರುವು ದಾಟಿ ಎರಡನೇ ತಿರುವಿನವರೆಗೂ ಹೋಗುತ್ತಿದ್ದರು. ಚಹಾದಂಗಡಿಯಲ್ಲಿ ಅದೇ ಮಾತು.

“ನಿಂದು ಎಲ್ಲಿ ಹೊತ್ಕೊಳ್ತೋ?”

“ಎರಡನೇ ತಿರುವಲ್ಲಿ. ನಾನು ಹೋಗೇ ಹೋಗ್ತೀನಿ ಅಂದೆ, ಗಾಡಿ ಬಿಡಲಿಲ್ಲ.”

“ಗಾಡಿ ಮಾತು ಮೀರಬಾರದು.”

“ಮೀರಬಾರದು.”

ಶೆಟ್ಟರಿಗೆ ಏಲಕ್ಕಿಯ ವ್ಯಾಪಾರವೂ ಇತ್ತು. ಮುಂದಿನ ಮಳೆಗಾಲದ ಒಂದು ದಿನ ಏಲಕ್ಕಿ ನೋಡಲೆಂದು ಜೀಪು ಹತ್ತಿ ಮೇಲಿನ ಊರಿಗೆ ಹೋದರು. ಜೀಪು ಅವರನ್ನು ಬಿಟ್ಟು ಕೆಳಗಿಳಿಯಿತು. ಹಿಂದೆಯೇ ಮಳೆ ಸುರಿದು ರಸ್ತೆ ಮೂರನೇ ತಿರುವಿನಲ್ಲಿ ಮತ್ತೆ ಕುಸಿಯಿತು. ಪಾಚಿಗಟ್ಟಿದ ಕಲ್ಲಿನ ಮೇಲೆ ಶೆಟ್ಟರು ಜಾರಿ ಬಿದ್ದರು. ತೊಡೆಯ ಮೂಳೆ ಮುರಿದ ಸದ್ದು ಅವರಿಗೇ ಕೇಳಿಸಿತು.

ಅವರನ್ನು ಶಾಲೆಯ ಜಗಲಿಗೆ ಎತ್ತಿ ತಂದು ಮಲಗಿಸಿದರು. ಹೊನ್ನಕ್ಕ ಮುರಿದ ಬೆಂಚಿನ ಹಲಗೆ ಕಟ್ಟಿ ಕಾಲನ್ನು ನೆಟ್ಟಗಿಟ್ಟಳು. ಶೆಟ್ಟರು ನೋವಿನಲ್ಲಿ ಜಯದೇವನಿಗೆ ಫೋನು ಮಾಡಿದರು. ನೋವಿನ ಇಂಜೆಕ್ಷನ್ ಬೇಕು, ಕೊಡಲು ಕಾಂಪೌಂಡರನನ್ನು ಹಿಂದೆ ಕೂರಿಸಿಕೊಂಡು ಬಾ ಎಂದರು.

“ಹೊರಟ್ವಿ ಶೆಟ್ಟರೇ! ಎಲ್ಲರೂ ಹೊರಟ್ವಿ!”

ಸ್ವಲ್ಪ ಹೊತ್ತಿಗೆ ಕಣಿವೆಯಿಂದ ಸದ್ದು ಕೇಳಿ ಬಂತು. ಶೆಟ್ಟರ ಕಿವಿಗೆ ಪ್ರತಿ ಇಂಜಿನ್ನಿನ ಗುರುತಿತ್ತು. ಇದು ಜಯದೇವನದು. ಇದು ರಾಜಶೇಖರನದು, ಗೇರು ತಡವಾಗಿ ಬದಲಿಸುತ್ತಾನೆ. ಸದ್ದು ಮೊದಲ ತಿರುವು ದಾಟಿತು. ಎರಡನೇ ತಿರುವಿಗೆ ಬಂತು. ಒಂದು ನಿಂತಿತು. ಇನ್ನೊಂದು ನಿಂತಿತು. ಆಮೇಲೆ ಬರೀ ಮಳೆನೀರು ಹರಿಯುವ ಸದ್ದು.

“ನಿಮ್ಮವರು ಬರ್ತಾರಾ?” ಹೊನ್ನಕ್ಕ ಕೇಳಿದಳು.

“ಬರ್ತಾರೆ” ಎಂದರು ಶೆಟ್ಟರು, ಅವಳ ಕಡೆ ನೋಡದೆ.

“ಗಾಡಿ ಕೆಟ್ಟಿರಬೇಕು, ಪಾಪ.”

ಕೆಟ್ಟಿಲ್ಲ ಎಂದು ಹೇಳಲು ಶೆಟ್ಟರು ಬಾಯಿ ತೆರೆದರು. ಯಾಕೆ ನಿಂತಿತು ಎಂದು ಅವಳು ಕೇಳಿದರೆ? ಆ ದೀಪ ಮಾಡಿಸಿದ್ದು ನಾನೇ ಎನ್ನಬೇಕಾಗುತ್ತಿತ್ತು. ಬಾಯಿ ಮುಚ್ಚಿದರು.

ಹೊನ್ನಕ್ಕ ಪಾದ ಮುಟ್ಟಿ ನೋಡಿದಳು. “ತಣ್ಣಗಾಗ್ತಾ ಇದೆ, ನೀಲಿ ತಿರುಗ್ತಿದೆ. ಕಾಯ್ತಾ ಕೂತ್ರೆ ಕಾಲು ಹೋಗುತ್ತೆ. ಏಳ್ರೋ.”

ಎರಡು ಬಿದಿರಿನ ಬೊಂಬು, ಒಂದು ಕಂಬಳಿ, ಡೋಲಿ ಸಿದ್ಧವಾಯಿತು. ಇಬ್ಬರು ಹೆಂಗಸರು, ಇಬ್ಬರು ಗಂಡಸರು ಹೆಗಲು ಕೊಟ್ಟರು. ಮೇಲೆ ಹೊದಿಸಲು ಹೊನ್ನಕ್ಕ ತನ್ನ ಕಂಬಳಿಯನ್ನೇ ಕೊಟ್ಟಳು. ಕುಸಿದ ಜಾಗದಲ್ಲಿ ಅವರು ಅಡ್ಡಡ್ಡಲಾಗಿ, ಬೇರು ಹಿಡಿದು, ಒಬ್ಬರಿಗೊಬ್ಬರು ಬೈದುಕೊಂಡು ಇಳಿದರು. “ನಿಧಾನ ಕಣೋ, ಶೆಟ್ಟರೇನು ಮೂಟೆನಾ?” “ಮೂಟೆ ಆಗಿದ್ರೆ ಇಷ್ಟು ಭಾರ ಇರ್ತಿರಲಿಲ್ಲ!” ನಗುತ್ತಿದ್ದರು. ಶೆಟ್ಟರಿಗೆ ನಗು ಬರಲಿಲ್ಲ.

ಎರಡನೇ ತಿರುವಿನಲ್ಲಿ, ಮರದ ಕೆಳಗೆ, ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ಕೆಂಪು ದೀಪ ಉರಿಯುತ್ತಿತ್ತು. ಜಯದೇವ ಓಡಿ ಬಂದ.

“ನೋಡಿ ಶೆಟ್ಟರೇ, ನೀವೇ ನೋಡಿ! ಒಂದೂ ಬಿಡದೆ ಹೊತ್ಕೊಂಡಿದೆ!”

“ಇದೇನು ಕೆಂಪಗೆ?” ಹೊನ್ನಕ್ಕ ಬಿದಿರು ಹೊತ್ತೇ ಬಗ್ಗಿ ನೋಡಿದಳು.

“ಮುಂದೆ ಅಪಾಯ ಇದೆ, ಹೋಗೋಕಾಗಲ್ಲ ಅಂತ ಗಾಡಿನೇ ಹೇಳುತ್ತಮ್ಮ.”

“ಹೌದಾ? ನಾವು ಅಲ್ಲಿಂದಲೇ ಬಂದ್ವಲ್ಲ.”

ಸವಾರರೆಲ್ಲ ಶೆಟ್ಟರ ಮುಖ ನೋಡಿದರು, ಸಾಲ ಕೇಳಲು ಬಂದವರ ಹಾಗೆ. ಶೆಟ್ಟರು ಕಣ್ಣು ಮುಚ್ಚಿ, “ಗಾಡಿ ಹೇಳಿದ ಮೇಲೆ ಮೀರಬಾರದು. ಸರಿಯಾಗೇ ಮಾಡಿದ್ರಿ” ಎಂದರು. ಸವಾರರ ಉಸಿರು ಸಡಿಲವಾಯಿತು. ರಾಜಶೇಖರ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: “ಮುಂದಿನ ಗಾಡೀಲಿ ಒಂದು ಸಣ್ಣ ಬದಲಾವಣೆ ಶೆಟ್ಟರೇ. ಮನೆ ಬಿಡೋ ಮೊದಲೇ ಹೊತ್ಕೊಳ್ಳೋ ಹಾಗಿದ್ರೆ ಒಳ್ಳೇದು. ಇಲ್ಲಿವರೆಗೂ ಬಂದು ನಿಲ್ಲೋದು ಒಂಥರಾ ಕಾಣುತ್ತೆ.”

ಅಲ್ಲಿಂದ ಮುಂದೆ ಇಳಿಜಾರು, ಡಾಂಬರು ರಸ್ತೆ. ಗಾಡಿಗಳು ಪೇಟೆಯ ಕಡೆ ತಿರುಗಿದ ಕೂಡಲೇ ದೀಪಗಳು ಆರಿದವು. ಸವಾರರು ಹಾರ್ನ್ ಹೊಡೆಯುತ್ತ ಮುಂದೆ ದಾರಿ ಬಿಡಿಸಿದರು. ಹೊತ್ತವರು ಹಿಂದೆ ಹೊಗೆ ಕುಡಿಯುತ್ತ ನಡೆದರು. ಪೇಟೆಯ ಜನ ಬೀದಿಗೆ ಬಂದಾಗ ಕಂಡದ್ದು ಘಟ್ಟದಿಂದ ಇಳಿದು ಬರುತ್ತಿರುವ ಗಾಡಿಗಳ ಸಾಲು, ಅದರ ಹಿಂದೆ ಜೀವಸಹಿತ ಶೆಟ್ಟರು. ಆಸ್ಪತ್ರೆಯ ಬಾಗಿಲಿಗೆ ಬರುವುದರೊಳಗೆ ಪುರಸಭೆಯ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು. ಜಯದೇವನ ಕೊರಳಿಗೆ ಹಾಕಿದರು. ಆಮೇಲೆ ಶೆಟ್ಟರ ಕಡೆ ಬಗ್ಗಿದರು.

“ನಿಮ್ಮ ಬಾಯಿಂದಲೇ ಒಂದು ಮಾತು ಬರಲಿ ಶೆಟ್ಟರೇ. ನಿಮ್ಮನ್ನ ಘಟ್ಟದಿಂದ ಇಳಿಸಿ ತಂದೋರು ಇವರೇ ತಾನೇ?”

ಹೊನ್ನಕ್ಕ ಗೋಡೆಗೆ ಒರಗಿ ಹೆಗಲು ಉಜ್ಜಿಕೊಳ್ಳುತ್ತಿದ್ದಳು. ಬಿದಿರು ಒತ್ತಿದ ಕಡೆ ರವಿಕೆ ಹರಿದಿತ್ತು. ಅವಳು ಶೆಟ್ಟರನ್ನು ನೋಡುತ್ತಲೂ ಇರಲಿಲ್ಲ. ಶೆಟ್ಟರ ಗೋದಾಮಿನಲ್ಲಿ ಇನ್ನೂ ರಟ್ಟು ಬಿಚ್ಚದ ಗಾಡಿಗಳು ನಿಂತಿದ್ದವು. ಅಲ್ಲ ಎಂದರೆ ಮುಂದೆ ಕೇಳುವ ಪ್ರಶ್ನೆ ಒಂದೇ, ಮತ್ತೆ ಇವರು ಯಾಕೆ ಹೋಗಲಿಲ್ಲ? ಜೀವಮಾನದಲ್ಲಿ ಎಷ್ಟೋ ಸುಳ್ಳನ್ನು ತೂಕ ಹಾಕಿ ಕೊಟ್ಟ ನಾಲಿಗೆ ಅದು. ಇವತ್ತು ಒಂದು ಕ್ಷಣ ಅಂಗುಳಿಗೆ ಅಂಟಿತು. ಒಂದೇ ಕ್ಷಣ.

“ಹೌದು” ಎಂದರು ಶೆಟ್ಟರು.

ಜನ ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಜಯದೇವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಉದಾರನಾಗಿ ಹೊನ್ನಕ್ಕನ ಕಡೆ ತಿರುಗಿ, “ನೀವೂ ಬನ್ನಿ, ಎರಡನೇ ತಿರುವಿನವರೆಗೂ ಬಿಟ್ಟು ಬರ್ತೀವಿ” ಎಂದ.

“ಬೇಡಣ್ಣ, ನಡ್ಕೊಂಡು ಹೋದ್ರೆ ಊರಿಗೇ ಹೋಗ್ತೀವಿ.”

ಅವಳು ಶೆಟ್ಟರ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡರು ಶೆಟ್ಟರು. ಬೈಯಲಿ ಎಂದು ಆಸೆಪಟ್ಟರು.

“ಕಂಬಳಿ ಬಿಡಿ ಶೆಟ್ಟರೇ. ಮೇಲೆ ಚಳಿ.”

ಅದರ ಅಂಚನ್ನು ತಾವು ಮುಷ್ಟಿಯಲ್ಲಿ ಹಿಡಿದಿರುವುದು ಅವರಿಗೆ ಆಗಲೇ ತಿಳಿದದ್ದು. ಬಿಟ್ಟರು. ಅವಳು ಕೊಡವಿ, ಮಡಿಸಿ, ಹೆಗಲಿಗೆ ಹಾಕಿಕೊಂಡು ಹೊರಟಳು. ಶೆಟ್ಟರು ನಡುಗುವುದನ್ನು ಕಂಡ ಜಯದೇವ, ಬೆನ್ನಿನ ಮೇಲೆ ಚಿನ್ನದ ದಾರದಲ್ಲಿ ಘಟ್ಟ ಹೊಲಿಸಿದ್ದ ತನ್ನ ಸವಾರಿಯ ಜಾಕೆಟ್ಟು ಬಿಚ್ಚಿ ಅವರಿಗೆ ಹೊದಿಸಿದ. ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಶೆಟ್ಟರಿಗೆ ಅದನ್ನು ತಳ್ಳಲು ಆಗಲಿಲ್ಲ. ಒಳ್ಳೆಯ ಮಾಲು, ಮಳೆ ಗಾಳಿ ಯಾವುದಕ್ಕೂ ಜಗ್ಗದ್ದು, ಅವರ ಅಂಗಡಿಯಲ್ಲೇ ಕೊಂಡದ್ದು. ಅದರ ಕೆಳಗೆ ಅವರು ನಡುಗುತ್ತಲೇ ಮಲಗಿದ್ದರು.