ತೋಳು ಮುಗಿಯುವ ಜಾಗ

ಕತ್ತಿನ ಹಿಂದೆ ತಣ್ಣಗೆ ಏನೋ ಹರಿದು ನಿಂತಿತು — ಟೇಪು, ಬರೀ ಟೇಪು, ಅದರ ತುದಿಯ ತಗಡು ಬೆನ್ನುಮೂಳೆಯ ಮೊದಲ ಗಂಟಿಗೆ ತಾಗಿದೆ, ದರ್ಜಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಎಡಭುಜದ ಮೇಲಿಂದ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ ಇಳಿಸುತ್ತಿದ್ದಾನೆ, ಸ್ವಲ್ಪ ಮಡಚಿ ಸಾರ್, ಹಾಂ, ಹಂಗೇ ಇರಿ, ಎದುರಿನ ಮೂರು ಕನ್ನಡಿಗಳಲ್ಲಿ ಮೂವರು ನಾನು ಮಡಚಿಕೊಂಡು ನಿಂತಿದ್ದೇವೆ, ಪಕ್ಕದ ಕನ್ನಡಿಯವನ ನೆತ್ತಿ ಇಷ್ಟು ಬೋಳಾಗಿರುವುದು ನನಗೆ ಗೊತ್ತೇ ಇರಲಿಲ್ಲ, ಒಂದು ಕೈ ಅಳತೆ ತಗೊಂಡ್ರೆ ಸಾಕು ಸಾರ್, ಇನ್ನೊಂದೂ ಅದೇ ತಾನೇ, ಅಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. ಎಷ್ಟು ಜನಕ್ಕೆ ಅಂದಿರಬಹುದು ಈ ಮಾತು, ನಾಲಿಗೆಗೆ ಕಂಠಪಾಠ, ನಾನು ಒಳಗೆ ಬಂದಾಗಲೇ ಅಂಗಿಯ ಬಲತೋಳು ಮಡಚಿ ಪಿನ್ನು ಹಾಕಿದ್ದನ್ನು ಅವನ ಕಣ್ಣು ನೋಡಿದೆ, ನಾಲಿಗೆ ನೋಡಿಲ್ಲ, ನನಗೆ ನಗು ಬಂತು, ನಿಜವಾಗಿಯೂ ಬಂತು, ಕನ್ನಡಿಯ ಮೂವರೂ ನಕ್ಕೆವು, ತಪ್ಪಾಯ್ತು ಸಾರ್, ಅಭ್ಯಾಸ ಬಲ, ಅಭ್ಯಾಸ ಬಲವೇ ಮಾರಾಯ, ನನ್ನದೂ ಬಲವೇ ಹೋದದ್ದು, ಸೋಫಾದಲ್ಲಿದ್ದ ಭಾಮೈದ ಮಾತ್ರ ನಗಲಿಲ್ಲ. ಹೆಂಡತಿಯ ತಮ್ಮ, ನಾನು ದುಡಿಯುವ ಬಣ್ಣದ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ, ಎರಡೂ ಅವನೇ, ಯಾವ ಹೊತ್ತಿಗೆ ಯಾವುದು ಎನ್ನುವುದನ್ನು ಅವನು ಕಾಲ ಮೇಲೆ ಕಾಲು ಹಾಕುವ ರೀತಿಯಲ್ಲೇ ಹೇಳಬಹುದು, ಈಗ ಅಧಿಕಾರಿ — ಮುಂದಿನ ತಿಂಗಳು ಹೊಸ ಶೆಡ್ಡಿನ ಉದ್ಘಾಟನೆ, ಹೊರಗಿನಿಂದ ಖರೀದಿದಾರರು ಬರುತ್ತಾರೆ, ಫೋಟೋ ತೆಗೆಯುವವರು ಬರುತ್ತಾರೆ, ಪ್ರಯೋಗಾಲಯದ ಮುಖ್ಯಸ್ಥನಾದ ನಾನು ವೇದಿಕೆಯ ಮೇಲೆ ದೊಡ್ಡವರ ಪಕ್ಕ ನಿಲ್ಲಬೇಕು, ಸೂಟಿನಲ್ಲಿ, ನೋಡುವುದಕ್ಕೆ ಸರಿಯಾಗಿ, ಅದಕ್ಕೇ ಅವನು ಜೊತೆಗೆ ಬಂದದ್ದು, ಭಾವ ಒಬ್ಬರೇ ಹೋದ್ರೆ ಏನೋ ಒಂದು ಹೊಲಿಸ್ಕೊಂಡು ಬಂದ್ಬಿಡ್ತಾರೆ ಅಂತ.

ಬಟ್ಟೆ ಮೊದಲು, ಬಟ್ಟೆಯ ಪುಸ್ತಕ ಅಷ್ಟು ದಪ್ಪ, ತುಣುಕುಗಳ ಅಂಚೆಲ್ಲ ಹಲ್ಲುಹಲ್ಲಾಗಿ ಕತ್ತರಿಸಿದ್ದು, ದರ್ಜಿ ತಿರುವುತ್ತಾ ಹೋದ, ಕಪ್ಪು ತಗೊಳ್ಳಿ ಭಾವ, ಕಪ್ಪು ಯಾವತ್ತೂ ಕೈಬಿಡಲ್ಲ — ಅಂದು ಅವನೂ ನಾಲಿಗೆ ಕಚ್ಚಿಕೊಂಡ, ಮೂರು ವರ್ಷದಿಂದ ನೋಡುತ್ತಿದ್ದೇನೆ, ನನ್ನೆದುರು ಕೈ ಎನ್ನುವ ಪದ ಬಂದರೆ ಸಾಕು ಜನ ಬಿಸಿ ತುತ್ತು ಬಾಯಿಗಿಟ್ಟವರ ಹಾಗೆ ಆಡುತ್ತಾರೆ, ಆಡಿ ಮಾರಾಯರೆ, ಪದಕ್ಕೇನೂ ಪೆಟ್ಟಾಗಿಲ್ಲ, ಕಪ್ಪು ಯಾಕೆ ಎಂದು ಗೊತ್ತು, ಕಪ್ಪು ಬೆಳಕನ್ನು ನುಂಗುತ್ತದೆ, ಫೋಟೋದಲ್ಲಿ ಖಾಲಿ ತೋಳು ಮೈಗೆ ಅಂಟಿಕೊಂಡು ಕಾಣದೆ ಹೋಗುತ್ತದೆ, ಲೆಕ್ಕ ಹಾಕಿಯೇ ಬಂದಿದ್ದಾನೆ, ನಾನೂ ಬಣ್ಣದವನೇ, ಪುಸ್ತಕವನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಿಗೆ ಹೋದೆ, ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡುವವನು ಮೋಸ ಹೋಗುತ್ತಾನೆ, ಬಿಸಿಲಿನಲ್ಲಿ ನೋಡಬೇಕು, ಬೀದಿಯಲ್ಲಿ ಒಬ್ಬ ಏಣಿಯನ್ನು ಸೈಕಲ್ಲಿಗೆ ಅಡ್ಡ ಕಟ್ಟಿಕೊಂಡು ಇಡೀ ರಸ್ತೆಯನ್ನು ತಡೆದು ಹೋಗುತ್ತಿದ್ದ, ಹಿಂದೆ ಹಾರನ್ನೋ ಹಾರನ್ನು, ಅವನಿಗೆ ಲಕ್ಷ್ಯವೇ ಇಲ್ಲ, ಭಲೇ — ಇದು, ಈ ಬೂದಿ ಬೆರೆತ ತೆಳುನೀಲಿ, ನೆರಳಿನಲ್ಲೂ ಬಿಸಿಲಲ್ಲೂ ಹೇಳಿದ ಮಾತೇ ಹೇಳುತ್ತದೆ, ಇದು, ಅಂದೆ. ಭಾವ ಅದರಲ್ಲಿ ಎಲ್ಲಾ ಎದ್ದು ಕಾಣತ್ತೆ. ಅದಕ್ಕೇ.

ಆಗ ಅವನು ಕಾಲ ಮೇಲಿನ ಕಾಲು ಇಳಿಸಿದ, ಭಾಮೈದನಾದ, ಚೀಲದೊಳಗಿನಿಂದ ಆ ಡಬ್ಬಿ ತೆಗೆದ, ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿರಬೇಕಾದ ಡಬ್ಬಿ, ಒಳಗೆ ಮೆತ್ತನೆಯ ಕಾಗದದಲ್ಲಿ ರಬ್ಬರಿನ ಕೈ ಹಸುಗೂಸಿನ ಹಾಗೆ ಮಲಗಿದೆ, ಉಗುರು ಸಮೇತ, ಗೆರೆ ಸಮೇತ, ಹೆಬ್ಬೆರಳ ಬುಡದಲ್ಲಿ ಒಂದು ಮಚ್ಚೆ ಕೂಡ ಇಟ್ಟಿದ್ದಾರೆ ಪುಣ್ಯಾತ್ಮರು, ನನಗೆ ಯಾವತ್ತೂ ಇರದಿದ್ದ ಮಚ್ಚೆ, ಅವತ್ತೊಂದು ದಿನ ಹಾಕ್ಕೊಳ್ಳಿ ಸಾಕು, ಕೋಟಿನ ಜೇಬೊಳಗೆ ಅರ್ಧ ಇಳಿಬಿಟ್ಟು ನಿಂತ್ರೆ ಸ್ಟೈಲಾಗೂ ಇರತ್ತೆ, ಅಕ್ಕನೇ ಕೊಟ್ಳು ಇದನ್ನ. ಅಕ್ಕನೇ? ಬೆಳಿಗ್ಗೆ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಂಗಿಯ ತೋಳು ಮೇಲಕ್ಕೆ ಮಡಚಿ, ಅಲುಗಾಡ್ಬೇಡಿ ಚುಚ್ಚತ್ತೆ ಅನ್ನುವವಳು, ಮೂರು ವರ್ಷದಲ್ಲಿ ಒಂದೇ ಒಂದು ದಿನವೂ ಆ ಡಬ್ಬಿಯ ಹೆಸರೆತ್ತದವಳು, ಈ ಕೈ ತಂದ ದಿನವೇ ಕಿಟಕಿಯ ಹತ್ತಿರ ಹಿಡಿದು ನೋಡಿದ್ದೆ, ಆಸ್ಪತ್ರೆಯ ದೀಪದಡಿ ನನ್ನ ಎಡಗೈಗೆ ಸರಿಯಾಗಿ ಹೊಂದಿದ್ದ ಬಣ್ಣ ಹಗಲಿನಲ್ಲಿ ಹಳದಿಗೆ ತಿರುಗಿತ್ತು, ಎರಡು ಬಣ್ಣ ಒಂದು ದೀಪದಡಿ ಒಂದೇ, ಇನ್ನೊಂದು ದೀಪದಡಿ ಬೇರೆ, ನನ್ನ ಪ್ರಯೋಗಾಲಯದಲ್ಲಿ ಇಂಥ ಮಾದರಿ ಬಂದರೆ ನಾನು ಮುಖ ನೋಡದೆ ವಾಪಸು ಕಳಿಸುತ್ತೇನೆ, ಇಪ್ಪತ್ತೆರಡು ವರ್ಷ ಇನ್ನೊಬ್ಬರ ಗೋಡೆಗೆ, ಬಾಗಿಲಿಗೆ, ಬಸ್ಸಿಗೆ ಬಣ್ಣ ಹೊಂದಿಸಿಕೊಟ್ಟವನು ಹೊಂದದ ಕೈ ತೊಟ್ಟು ವೇದಿಕೆ ಹತ್ತಬೇಕೆ, ತೆಗ್ದಿಡು ಅದನ್ನ, ಗುಂಡಿ ನೋಡೋಣ.

ಗುಂಡಿ, ಎರಡೋ ಮೂರೋ ಸಾರ್, ಎರಡು, ಎದೆಯ ಮಡಿಕೆ ಅಗಲವೋ ಸಣ್ಣದೋ, ಮಧ್ಯಮ, ಬೆನ್ನಿಗೆ ಸೀಳು ಒಂದೋ ಎರಡೋ, ಎರಡು, ಕೂತರೆ ಮುದುಡಬಾರದು, ಒಳಗಿನ ಲೈನಿಂಗ್, ಕಡುನೀಲಿ, ಜಾರುವಂಥದ್ದು, ಎಡಗೈಯೊಂದರಲ್ಲೇ ತೊಡಬೇಕು, ಬಟ್ಟೆ ತಾನಾಗಿ ಇಳಿಯಬೇಕು, ಸರಿ ಸಾರ್, ಇನ್ನು ಕಾಜಾ ಬಲಗಡೆ ಹಾಕಿ, ಗುಂಡಿ ಎಡಗಡೆ. ದರ್ಜಿಯ ಪೆನ್ಸಿಲು ನಿಂತಿತು. ಅದು ಹೆಂಗಸರ ಕಡೆ ಸಾರ್. ಗೊತ್ತು. ಗಂಡಸರ ಕೋಟಿಗೆ ಎಡದ ಹಾಳೆ ಮೇಲೆ ಬರ್ಬೇಕು ಸಾರ್, ನಮ್ಮಪ್ಪನ ಕಾಲದಿಂದ್ಲೂ ಹಂಗೇ, ನಿಮ್ಮಪ್ಪನ ಕಾಲದಿಂದ ಬಂದವರಿಗೆಲ್ಲ ಬಲಗೈ ಇತ್ತಪ್ಪ, ಬಲಗೈಗೆ ಸುಲಭವಾಗಲಿ ಅಂತ ತಾನೇ ಹಾಗೆ, ಭಾಮೈದ ಹಣೆ ಚಚ್ಚಿಕೊಂಡ, ಭಾವ ನಾಳೆ ಜನ ಅಕ್ಕನ ಕೋಟು ಹಾಕ್ಕೊಂಡು ಬಂದ್ರು ಅಂತಾರೆ, ಅನ್ಲಿ, ನಿಮ್ಮಕ್ಕನದ್ದು ಕೋಟಿದ್ರೆ ಯಾವತ್ತೋ ಹಾಕ್ಕೊಳ್ತಿದ್ದೆ — ದಿನಾ ಬೆಳಿಗ್ಗೆ ಅಂಗಿಯ ಗುಂಡಿಯೊಂದಿಗೆ ನಾನು ಮಾಡುವ ಜಗಳ ಇವರಿಗೇನು ಗೊತ್ತು, ಎಡಗೈಯ ಹೆಬ್ಬೆರಳು ಗುಂಡಿಯನ್ನು ದೂಡಬೇಕು, ತೋರುಬೆರಳು ತೂತು ಹಿಗ್ಗಿಸಬೇಕು, ಬಟ್ಟೆ ತಪ್ಪು ಕಡೆಯಿಂದ ಬಂದರೆ ಗುಂಡಿ ಒಳಗಿನ ಕತ್ತಲಲ್ಲಿ ಉಳಿದುಬಿಡುತ್ತದೆ, ಕೆಟ್ಟ ಮೊಂಡು ಮಗುವಿನ ಹಾಗೆ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರು ತಮ್ಮ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ್ದರು, ನೋಡ್ರಯ್ಯಾ ಕೂಡಲ್ಲ, ಕೆಲವು ಅಣುಗಳೂ ಹೀಗೇ, ಅವೇ ಪರಮಾಣು, ಅದೇ ಜೋಡಣೆ, ಒಂದು ಇನ್ನೊಂದರ ಕನ್ನಡಿ ಬಿಂಬ, ತೂಕ ಒಂದೇ, ಕುದಿಯುವ ಬಿಂದು ಒಂದೇ, ಹಾಗಂತ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಯಾವುದೂ ಕೆಟ್ಟದ್ದಲ್ಲ, ಎಡಗೈ ಅಣು ಅಷ್ಟೇ — ಈಗ ನಾನು ಆ ಪಾಠ ಮಾಡಬೇಕಾದರೆ ಇನ್ನೊಬ್ಬರ ಕೈ ಸಾಲ ತರಬೇಕು, ಇರಲಿ, ಒಳಜೇಬೂ ಬಲಗಡೆಗೆ ಹಾಕಿ, ಎಡಗೈ ಹೋಗುವುದು ಅಲ್ಲಿಗೆ, ಪ್ಯಾಂಟಿನ ಜಿಪ್ಪಿನ ಹಾಳೆಯೂ ತಿರುಗಲಿ, ಇಡೀ ಸೂಟು ಕನ್ನಡಿಯಲ್ಲಿ ಕಂಡ ಹಾಗೆ ಆಗಲಿ, ಅಂದೆ, ದರ್ಜಿ ಕನ್ನಡಿ ನೋಡಿದ, ನನ್ನನ್ನು ನೋಡಿದ, ಮತ್ತೆ ಕನ್ನಡಿ ನೋಡಿದ, ಹಂಗಾದ್ರೆ ಕನ್ನಡೀಲಿ ಸರಿಯಾಗೇ ಕಾಣತ್ತೆ ಸಾರ್, ಅಂದ, ಮೊದಲ ಸಲ ಹಲ್ಲು ಕಾಣುವಂತೆ ನಕ್ಕ.

ತೋಳು ಉಳಿಯಿತು. ಅಳತೆಗೆಂದು ಅವನು ಒಂದು ಮಾದರಿ ಕೋಟು ತೊಡಿಸಿದ, ಕಡುಬಣ್ಣದ್ದು, ಎಷ್ಟು ಜನರ ಭುಜ ಹೊತ್ತು ಮಾಸಿದ್ದೋ, ಬಲತೋಳು ಸೊರಗಿದ ಸೋರೆಬಳ್ಳಿಯ ಹಾಗೆ ಇಳಿಬಿದ್ದಿದೆ, ಸೀಮೆಸುಣ್ಣದ ಬಿಲ್ಲೆ ತೆಗೆದು ಎಡ ಮಣಿಕಟ್ಟಿನಲ್ಲಿ ಒಂದು ಗೆರೆ ಎಳೆದ, ಬಲಕ್ಕೆ ಬಂದು ಅಷ್ಟೇ ಎತ್ತರದಲ್ಲಿ, ಖಾಲಿ ಬಟ್ಟೆಯ ಮೇಲೆ, ಇನ್ನೊಂದು ಗೆರೆ, ಅಲ್ಲಲ್ಲ, ಅಂದೆ, ಅಲ್ಲಿ ಯಾರೂ ಇಲ್ಲ, ಇಲ್ಲಿ — ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ತೋಳು ಮುಗಿಯುವ ಜಾಗದಲ್ಲಿ ಕೋಟೂ ಮುಗಿಯಲಿ, ಅಂಚು ಹೊಲಿದು, ಎಡಗಡೆ ಇರುವಷ್ಟೇ ಗುಂಡಿ ಇಟ್ಟು, ಪೂರ್ತಿ ತೋಳು ಅಂದ್ರೆ ಅದು, ಮಡಿಸೋದು ಬೇಡ, ಪಿನ್ನು ಬೇಡ, ಅವನು ಅಂಜುತ್ತ ಅಂಜುತ್ತ ಅಲ್ಲಿ ಬಿಳಿ ಗೆರೆ ಎಳೆದ, ಭಾಮೈದ ಎದ್ದು ಬಂದು ಅಂಗೈಯಿಂದ ಅದನ್ನು ಒರೆಸಿದ, ನನ್ನ ಮೊಂಡುಕೈ ಅವನ ಅಂಗೈಗೆ ತಾಗಿತು, ಬೆಚ್ಚಿ ಕೈ ಹಿಂದೆಗೆದುಕೊಂಡ, ಪಾಪ, ಮೂರು ವರ್ಷದಲ್ಲಿ ಮೊದಲ ಸಲ ಮುಟ್ಟಿದ್ದಾನೆ, ಪೂರ್ತಿ ಉದ್ದ ಇಡಿ ಮಾಸ್ಟ್ರೇ, ಭಾವ ನನ್ ಮಾತು ಕೇಳಿ, ಅಲ್ಲಿ ಬರೋರು ಮಷೀನು ನೋಡಕ್ಕೆ ಬರ್ತಾರೆ, ನೀವು ಹಿಂಗೆ ನಿಂತ್ರೆ ಮೊದಲು ಏನು ಕೇಳ್ತಾರೆ ಹೇಳಿ? ಏನು ಕೇಳ್ತಾರೆ? ಹೆಂಗಾಯ್ತು ಅಂತ ಕೇಳ್ತಾರೆ. ಕೇಳಲಿ, ನಾನು ಹೇಳುತ್ತೇನೆ, ಹಳೆಯ ಶೆಡ್ಡಿನಲ್ಲಿ ಬಣ್ಣ ಅರೆಯುವ ಯಂತ್ರ, ಒಂದಕ್ಕೊಂದು ಎದುರಾಗಿ ತಿರುಗುವ ಉಕ್ಕಿನ ರೋಲರುಗಳು, ಮುಂದೆ ಕಂಬಿಯ ಜಾಲರಿ ಇರಬೇಕು, ಬಣ್ಣ ಬದಲಿಸಿ ತೊಳೆಯುವಾಗ ತಡವಾಗುತ್ತದೆ ಎಂದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು, ಹಾಕ್ಸಿ ಅಂತ ಹೇಳಿದ್ದೆ, ಆಯ್ತು ಸಾರ್ ನಾಳೆ, ಆಯ್ತು ಸಾರ್ ನಾಳೆ, ನೀಲಿಯ ಮೇಲೆ ಕಟ್ಟಿದ ಕೆನೆ ತೆಗೆಯಲು ಬಗ್ಗಿದೆ, ಗವಸಿನ ತುದಿ ಸಿಕ್ಕಿತು, ಅಷ್ಟೇ, ನೋವು ಆಮೇಲೆ ಬಂತು, ಮೊದಲು ಬಂದದ್ದು ಆಶ್ಚರ್ಯ. ಹೊಸ ಶೆಡ್ಡಿನ ಯಂತ್ರವೂ ಅದೇ ತರಹದ್ದು, ಮೊನ್ನೆ ನೋಡಿದೆ, ಬಂದು ವಾರ ಆಗಿಲ್ಲ, ಜಾಲರಿ ಆಗಲೇ ಉಗ್ರಾಣದ ಗೋಡೆಗೆ ಒರಗಿದೆ, ಹೊಸದಾಗಿ ಸೇರಿದ ಮೂವರು ಅದರ ಮುಂದೆ ಬಗ್ಗಿ ಒರೆಸುತ್ತಿದ್ದರು, ಇವನ ಹತ್ತಿರ ಹೇಳಿದರೆ ಇವನೂ ಅದೇ ರಾಗ, ಆಯ್ತು ಭಾವ, ಉದ್ಘಾಟನೆ ಮುಗೀಲಿ, ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ, ಆದರೆ ನನ್ನ ತೋಳು ನೋಡಿದ ಕಣ್ಣು ಮುಂದಕ್ಕೆ ಯಂತ್ರವನ್ನು ನೋಡುತ್ತದೆ, ನೋಡಲೇಬೇಕು, ಅಲ್ಲಿ ಕಂಬಿ ಇಲ್ಲದ ಜಾಗ ಕಾಣುತ್ತದೆ, ಬಾಯಿ ಬಿಡದೆ ಹೇಳಿದ ಹಾಗಾಗುತ್ತದೆ, ಅದು ಗೊತ್ತಿದ್ದೇ ಅಲ್ಲವೇ ಈ ಕಪ್ಪು ಬಟ್ಟೆ, ಈ ಡಬ್ಬಿ, ಈ ಸ್ಟೈಲು.

ಅಕ್ಕನ್ನೇ ಕೇಳಿ ಬೇಕಾದ್ರೆ, ಅಂದ, ಅವನೇ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದ, ಆ ಕಡೆ ಕುಕ್ಕರಿನ ಸದ್ದು, ಏನ್ರೀ, ನೀನು ಡಬ್ಬಿ ಕೊಟ್ಟೆಯಾ, ಹೂಂ, ನಾನೇ ಕೊಟ್ಟೆ, ಕೇಳ್ದ, ಕೊಟ್ಟೆ, ಬೀರೂಲಿ ಜಾಗ ಆಯ್ತು, ಹಾಕ್ಕೊಳ್ಳಿ ಅಂತ ನಾನೇನಾದ್ರೂ ಹೇಳಿದ್ನಾ? ನಾನು ಕೇಳಿದೆ, ತೋಳು ಎಲ್ಲೀವರೆಗೆ ಇಡಿಸ್ಲಿ ಹೇಳು, ಕುಕ್ಕರು ಕೂಗಿತು, ಅದರ ಮೇಲೆ ದನಿ ಏರಿಸಿ, ಎಲ್ಲೀವರೆಗೆ ಇದ್ಯೋ ಅಲ್ಲೀವರೆಗೆ ಇಡ್ಸಿ, ಇದನ್ನೂ ನನ್ನ ಕೇಳ್ಬೇಕಾ, ದಿನಾ ಪಿನ್ನು ಚುಚ್ಚಿ ಚುಚ್ಚಿ ನಂಗೂ ಸಾಕಾಗಿದೆ, ಬರ್ತಾ ಕೊತ್ತಂಬರಿ ತನ್ನಿ. ಫೋನು ಕಿವಿಯ ಹತ್ತಿರವೇ ಇತ್ತು, ಎಲ್ಲ ಕೇಳಿಸಿಕೊಂಡವನ ಮುಖ ಮತ್ತೆ ಅಧಿಕಾರಿಯದಾಯಿತು, ನೋಡಿ ಭಾವ, ನಾನು ಹೇಳೋದು ಹೇಳ್ಬಿಡ್ತೀನಿ, ಹಿಂಗೇ ಬರೋದಾದ್ರೆ ವೇದಿಕೆ ಮೇಲೆ ನಿಮ್ಮ ಕುರ್ಚಿ ಇರಲ್ಲ, ದೊಡ್ಡವ್ರು ಆಗಲೇ ಹೇಳಿದ್ದಾರೆ, ಇದೋ, ಕೊನೆಗೂ ಬಂತು, ಸೋಫಾದಿಂದ ಇಷ್ಟು ಹೊತ್ತು ಹೊರಬರಲಾಗದೆ ಒದ್ದಾಡುತ್ತಿದ್ದ ಮಾತು ಇದೇ, ಹೇಳಿದ ಮೇಲೆ ಅವನಿಗೂ ಹಗುರಾಯಿತು, ನನಗೂ, ಇಪ್ಪತ್ತೆರಡು ವರ್ಷಕ್ಕೆ ಒಂದು ಕುರ್ಚಿ, ಅದಕ್ಕೊಂದು ರಬ್ಬರಿನ ಬೆಲೆ, ಇರದಿದ್ದರೆ ಇರದಿರಲಿ, ಯಂತ್ರದ ಪಕ್ಕ ನಿಲ್ತೀನಿ, ಅಂದೆ, ಅಲ್ಲಿಗೆ ಕುರ್ಚಿ ಬೇಕಿಲ್ಲ, ಬಂದವರೆಲ್ಲ ಅಲ್ಲಿಗೇ ತಾನೇ ಬರ್ತಾರೆ, ಗೇಟಲ್ಲಿ ತಡೀತಾರೆ ಭಾವ, ತಡೆದ್ರೆ ಗೇಟಲ್ಲಿ ನಿಲ್ತೀನಿ, ಕಾರುಗಳು ಅಲ್ಲೇ ನಿಧಾನ ಆಗೋದು, ನೀವು ಹಠ ಮಾಡ್ತಿದ್ದೀರಿ, ಹೌದು, ಹಠವೇ, ಇದ್ದ ಕೈಯಲ್ಲಿ ಇಷ್ಟು ದಿನ ಮಾಡದೆ ಇದ್ದದ್ದನ್ನು ಇಲ್ಲದ ಕೈಯಲ್ಲಿ ಮಾಡುತ್ತೇನೆ.

ದರ್ಜಿ ನಮ್ಮಿಬ್ಬರ ನಡುವೆ ಬಿಲ್ಲೆ ಹಿಡಿದು ನಿಂತಿದ್ದಾನೆ, ಗೆರೆ ಎಲ್ಲಿಗೆ ಹಾಕ್ಲಿ ಸಾರ್ — ಕೇಳುವುದು ನನ್ನನ್ನು, ನೋಡುವುದು ಅವನನ್ನು, ಅಂಗಡಿಗೆ ಕಾರ್ಖಾನೆಯ ಸಮವಸ್ತ್ರದ ಗುತ್ತಿಗೆ ಕೊಡಿಸುವವನು ಅವನೇ, ದರ್ಜಿಯ ತಪ್ಪಲ್ಲ, ಆ ಕೈಗೂ ಹೊಟ್ಟೆ ಇದೆ, ಕೊಡಿ ಇಲ್ಲಿ, ಅಂದೆ, ಬಿಲ್ಲೆ ಕಿತ್ತುಕೊಂಡೆ, ಚಪ್ಪಟೆ, ನುಣುಪು, ಬೆರಳಿಗೆ ಪುಡಿ ಹತ್ತಿತು, ಎಡಗೈ ಇನ್ನೂ ಅಕ್ಷರ ಕಲಿಯುತ್ತಿರುವ ಕೈ, ನೇರ ಗೆರೆ ಅದಕ್ಕೆ ಬರುವುದಿಲ್ಲ, ಮೊಂಡುಕೈಯನ್ನು ಮುಂದಕ್ಕೆ ಚಾಚಿದೆ, ಕೋಟಿನ ತೋಳು ಅದರ ತುದಿಯಿಂದ ಕೆಳಕ್ಕೆ ಮುರಿದು ಜೋತುಬಿತ್ತು, ಆ ಮುರಿದಲ್ಲೇ ಬಿಲ್ಲೆ ಒತ್ತಿದೆ, ಎಳೆದೆ, ಒರೆಸಿದ ಗೆರೆಯ ಬಿಳಿ ಮಬ್ಬಿನ ಮೇಲೇ, ಇನ್ನೊಮ್ಮೆ ಎಳೆದೆ, ಒರೆಸಿದರೂ ಹೋಗದ ಹಾಗೆ, ಬಟ್ಟೆ ಕರಕರ ಎಂದಿತು, ಒಂದು ಚೂರು ಮುರಿದು ನೆಲಕ್ಕೆ ಬಿತ್ತು, ಯಾರೂ ಬಗ್ಗಲಿಲ್ಲ, ಭಾಮೈದನ ಕೈ ಎದ್ದು ಅರ್ಧಕ್ಕೆ ನಿಂತಿದೆ, ಒರೆಸಬೇಕಾದರೆ ಮತ್ತೆ ಮುಟ್ಟಬೇಕು, ಮುಟ್ಟು, ಮುಟ್ಟಲಾರ, ಕನ್ನಡಿಯಲ್ಲಿ ಗೆರೆ ಸೊಟ್ಟಗಿದೆ, ಮೂರರಲ್ಲೂ ಸೊಟ್ಟಗಿದೆ, ಬಿಳಿ ಗೆರೆ, ಅದರ ಕೆಳಗಿರುವುದು ಬಟ್ಟೆ, ಮೇಲಿರುವುದು ನಾನು, ಬಿಳಿ ಗೆರೆ —