ಗೋಡೆಗೆ ಮುಖ ಮಾಡಿದ ಚಕ್ರ

ಭಟ್ಕಳದಲ್ಲಿ ಹರಿಹರ ಒಡೆಯರ ಕಬ್ಬಿಣದ ಕೆಲಸದ ಶೆಡ್ಡಿಗೆ ಕರೆಂಟು ಬಂದ ವಾರವೇ ಶುಕ್ರನನ್ನು ಮನೆಗೆ ಕಳಿಸಿದರು. ಕಬ್ಬಿಣಕ್ಕೆ ತೂತು ಕೊರೆಯುವ ಬೈರಿಗೆ ಮಿಶನ್ನಿನ ದೊಡ್ಡ ಚಕ್ರವನ್ನು ಇಪ್ಪತ್ತೆರಡು ವರ್ಷ ಕೈಯಲ್ಲಿ ತಿರುಗಿಸಿದವನು ಅವನು. ಆ ಕೆಲಸಕ್ಕೆ ಈಗ ಮೋಟಾರು ಬಂತು. ಹಳೇ ಮಿಶನ್ನು ಶೆಡ್ಡಿನ ಹಿಂದೆ ಕೆಸುವಿನ ಗಿಡಗಳ ನಡುವೆ ಬಿತ್ತು, ಎರಡು ಮಳೆಗಾಲ ಅಲ್ಲೇ ನೆನೆಯಿತು.

"ಬೇಕಾದ್ರೆ ಹೊತ್ಕಂಡು ಹೋಗಾ. ನಿನ್ನ ಹಾಂಗೇ ಅದೂ ಗುಜರಿ," ಎಂದು ಒಡೆಯರು ನಕ್ಕರು. ಶುಕ್ರನೂ ನಕ್ಕ. ಒಡೆಯರು ನಕ್ಕಾಗ ನಗುವುದೂ ಅವನ ಕೆಲಸದಲ್ಲಿ ಸೇರಿತ್ತು.

ಎತ್ತಿನ ಗಾಡಿಯಲ್ಲಿ ಅದನ್ನು ಭಟ್ಕಳದಿಂದ ತನ್ನೂರು ಬೆಳಕೆಗೆ ತಂದ. ಚಿಮಣಿ ಎಣ್ಣೆ ಹೊಯ್ದು, ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಂಗಳುಗಟ್ಟಲೆ ತುಕ್ಕು ತಿಕ್ಕಿದ. ಪೇಟೆಯಲ್ಲಿ ಚಪ್ಪಲಿ ಹೊಲಿಯುವವನ ಕಾಲು ಹಿಡಿದು ಚಕ್ರಕ್ಕೆ ಸುತ್ತುವ ಚರ್ಮದ ಪಟ್ಟಿ ಹೊಲಿಸಿಕೊಂಡ. ಒಂದು ತೂತನ್ನಾದರೂ ತನ್ನ ಕೈಯಿಂದ ಕೊರೆಯಬೇಕು, ಅಷ್ಟೇ ಅವನ ಆಸೆ. ಶೆಡ್ಡಿನಲ್ಲಿ ಬೈರಿಗೆ ಇಳಿಸುವ ಹಿಡಿ ಒಡೆಯರದು. ಶುಕ್ರ ಅದನ್ನು ಮುಟ್ಟುವಂತಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಇಂಥವನು ಕಸುಬು ಕಲಿತುಬಿಟ್ಟರೆ ಎಂಬ ಭಯಕ್ಕೆ, ತಿರುಗಿಸುವವನಿಗೆ ಗೋಡೆ ಮಾತ್ರ ಕಾಣುವಂತೆ ಚಕ್ರವನ್ನೇ ಗೋಡೆಗೆ ಮುಖ ಮಾಡಿ ನೆಟ್ಟಿದ್ದರು.

ಹಿತ್ತಲಿನ ಮಾಡಿನಡಿ ಮಿಶನ್ನು ಎದ್ದು ನಿಂತ ದಿನ ಹೆಂಡತಿ ಗಂಗಿ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಹೋಯ್, ಇಲ್ಲೂ ಚಕ್ರ ಗೋಡೆ ಬದಿಗೆ ಎಂತಕ್ಕೆ? ಇಲ್ಲಿ ಯಾವ ಒಡೆಯ ಇದ್ದಾನೆ?"

ಶುಕ್ರ ತಬ್ಬಿಬ್ಬಾದ. ಬೇರೆ ತರಹ ನಿಲ್ಲಿಸಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಮಿಶನ್ನಿನ ಕಂಬ ನೆಲಕ್ಕೆ ಹೂತಾಗಿತ್ತು.

ತೆಂಗಿನಗುಂಡಿಯ ದೇವು ತನ್ನ ದೋಣಿಯ ಚುಕ್ಕಾಣಿಗೆ ಬಡಿಯುವ ಕಬ್ಬಿಣದ ಪಟ್ಟಿ ತಂದ. ನಾಲ್ಕು ತೂತು ಬೇಕಿತ್ತು.

"ಶೆಡ್ಡಿನಲ್ಲಿ ಮಿಶನ್ ದೋಣಿಯವರ ಕೆಲಸ ಮುಗಿಯೂ ತನಕ ನಮ್ದು ಮುಟ್ಟೂದಿಲ್ಲ ಮಾರಾಯ. ನೀನೇ ಹೊಡಿ. ಚಂದ ಆದ್ರೆ ಕೇರಿಯ ಕೆಲಸ ಎಲ್ಲ ನಿಂಗೇ."

ಗಂಗಿ ಚಕ್ರ ತಿರುಗಿಸಿದಳು. ಶುಕ್ರ ಹಿಡಿ ಹಿಡಿದು, ಚಕ್ರಕ್ಕೆ ಹಾಕುತ್ತಿದ್ದ ಬಲವನ್ನೆಲ್ಲ ಅದಕ್ಕೆ ಹಾಕಿದ. ಬೈರಿಗೆ ಇಳಿಯಿತು, ಇಳಿಯಿತು, ಪಟ್ಟಿಯ ಆಚೆ ಮುಖಕ್ಕೆ ಬರುವ ಹೊತ್ತಿಗೆ ಟಣ್ ಎಂದು ಮುರಿಯಿತು. ಎರಡನೆಯದೂ ಹಾಗೇ. ಉಳಿದದ್ದು ಒಂದೇ ಬೈರಿಗೆ.

"ಅಡಿಕೆ ಕುಟ್ಟೂದಾ ಇದು?" ದೇವು ನಗಲು ನೋಡಿದ. ಶುಕ್ರನ ಮುಖ ಕಂಡು ಪಟ್ಟಿಯತ್ತ ಬಗ್ಗಿದ.

"ಬದಿಗೆ ಸರೀರಿ," ಎಂದಳು ಗಂಗಿ. "ತೂತು ಆಚೆ ಬೀಳೂ ಹೊತ್ತಿಗೆ ಕೈ ಸಡ್ಲ ಬಿಡ್ಬೇಕು."

"ನಿಂಗೆ ಹೆಂಗೆ ಗೊತ್ತು?"

"ಶೆಡ್ಡಿಗೆ ಗಂಜಿ ತಂದಾಗ ನನ್ನ ಒಳಗೆ ಬಿಡ್ತಿದ್ರಾ? ಕಿಟಕಿ ಹತ್ರ ನಿಲ್ತಿದ್ದೆ. ಒಡೆಯರ ಕೈ ಕಾಣ್ತಿತ್ತು. ನಿಮ್ಮ ಬೆನ್ನೂ ಕಾಣ್ತಿತ್ತು."

ಶುಕ್ರ ಹಿಡಿಯನ್ನು ಅವಳಿಗೆ ಬಿಟ್ಟು ಚಕ್ರದ ಬಳಿಗೆ ಹೋದ. ಚಕ್ರ ಅವನ ಕೈಗೆ ಸಿಕ್ಕಿದ್ದೇ ಮಿಶನ್ನಿನ ಸದ್ದು ಹದವಾಯಿತು. ಒಂದು ತೂತು. ಎರಡು.

"ಇತ್ಲಾಗೆ ತಿರುಗಿ ನೋಡಿ. ಮಿಶನ್ನು ನಮ್ದೇ ಅಲ್ದಾ?"

ಅವನು ಕುತ್ತಿಗೆ ತಿರುಗಿಸಿದ. ಕೂಡಲೇ ತೋಳು ತಾಳ ತಪ್ಪಿತು, ಬೈರಿಗೆ ಕಿರುಚಿತು. "ಬ್ಯಾಡ, ಬ್ಯಾಡ," ಎಂದು ಮತ್ತೆ ಗೋಡೆ ನೋಡಿದ. ಸುಣ್ಣವಿಲ್ಲದ ಮಣ್ಣಿನ ಗೋಡೆ. ಕೊನೆಯ ತೂತು ಬೀಳುವವರೆಗೂ ಅದನ್ನೇ ನೋಡುತ್ತ ನಿಂತ.

"ಆತು!" ಎಂದ ದೇವು. "ಗಂಗಕ್ಕ ಮೇಸ್ತ್ರಿ ಆದ್ಳಲೇ!"

ಶುಕ್ರ ಬಂದು ಪಟ್ಟಿಯನ್ನು ಎತ್ತಿಕೊಂಡ. ಒಂದು ತೂತಿನೊಳಗೆ ಕಿರುಬೆರಳು ಹಾಕಿ, ಚಟಕ್ಕನೆ ಹಿಂದೆಗೆದ.

"ಬಿಸಿ," ಎಂದ. ಬೆರಳನ್ನು ನೋಡಿಕೊಂಡ. "ಗಂಗೀ, ತೂತು ಹೊಡೆದ ಕಬ್ಬಿಣ ಇಷ್ಟು ಬಿಸಿ ಇರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."